ಮೇಟಿ ಕಿತ್ತ ಕಣದಲ್ಲಿ ಒಂದು ಪಂದ್ಯ

ದೆವ್ವ, ಗಾಳಿ, ಶಾಪ ಇವು ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಧೈರ್ಯದಿಂದಲೋ ಓದಿನಿಂದಲೋ ಬಂದ ಅಪನಂಬಿಕೆ ಎಂದು ತಿಳಿಯಬೇಡಿ. ನನ್ನ ಚಿಂತೆಗಳ ಪಟ್ಟಿ ಮೊದಲೇ ತುಂಬಿಹೋಗಿತ್ತು. ಹಲ್ಲುನೋವು, ಮಗಳ ಕೆಮ್ಮು, ಹಿತ್ತಲ ಗೋಡೆಯ ಬಿರುಕು, ಸೈಕಲ್ಲಿನ ಹಿಂದಿನ ಚಕ್ರ, ಇವೆಲ್ಲದರ ಮೇಲೆ ಜಪಾನಿನವರ ಬಾಂಬು. ಕಣ್ಣಿಗೆ ಕಾಣುವುದಕ್ಕೇ ಹೆದರಿ ಮುಗಿಯದವನು, ಕಾಣದ್ದಕ್ಕೆ ಹೆದರಲು ಪುರುಸೊತ್ತನ್ನು ಎಲ್ಲಿಂದ ತರಬೇಕು? ಯಾರಾದರೂ ಅಂಥ ಕಥೆ ಹೇಳಿದರೆ "ಆವತ್ತು ಹೊಟ್ಟೆ ಸರಿಯಿರಲಿಲ್ಲವೇನೋ" ಎಂದುಬಿಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನನ್ನ ಹೊಟ್ಟೆ ಆ ದಿನ ಸರಿಯಾಗಿತ್ತು. ಹೊತ್ತು ಸಂಜೆ ನಾಲ್ಕೂವರೆ, ಬಿಸಿಲು ಚೆನ್ನಾಗಿ ಬಿದ್ದಿತ್ತು. ಕತ್ತಲೆಯ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಯುದ್ಧದ ಕಾಲ. ಮಲವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗೆ, ಒಬ್ಬ ಸಾಹುಕಾರರು ವಿಹಾರಕ್ಕೆಂದು ದೊಡ್ಡ ಬಂಗಲೆ ಕಟ್ಟಿಸಿದ್ದರು. ಅವರ ಹೆಸರು ಇಲ್ಲಿ ಬೇಡ, ನಾವೆಲ್ಲ ದಣಿಗಳು ಎನ್ನುತ್ತಿದ್ದೆವು. ಜಲಪಾತ ನೋಡಲು ಬಂದ ದೊಡ್ಡ ಮನುಷ್ಯರು ಅರ್ಧ ದಿನಕ್ಕೇ ತಿರುಗಿ ಹೋಗದೆ ನಾಲ್ಕು ದಿನ ತಂಗಬೇಕಾದರೆ ಗಾಲ್ಫ್ ಮೈದಾನ ಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ಆ ಕಲ್ಲುನೆಲದಲ್ಲಿ ಒಂಬತ್ತು ಗುಂಡಿಗಳ ಮೈದಾನ ಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಓವರ್‌ಸಿಯರ್. ಅದುವರೆಗೆ ಮೋರಿ ಕಟ್ಟಿಸಿದ್ದೆ, ಕೊಟ್ಟಿಗೆ ಕಟ್ಟಿಸಿದ್ದೆ. ಗಾಲ್ಫ್ ಎಂದರೆ ತಿನ್ನುವುದೋ ಉಡುವುದೋ ತಿಳಿಯದು. ದಣಿಗಳು ಒಂದು ಇಂಗ್ಲಿಷ್ ಪುಸ್ತಕ ಕೈಗೆ ಕೊಟ್ಟು, "ಆಡಿದವನು ಅಳಬೇಕು, ಆದರೆ ಮತ್ತೆ ಬರಬೇಕು. ಹಾಗೆ ಮಾಡಯ್ಯ" ಎಂದರು.

ಅಳಿಸುವುದು ಕಷ್ಟವಾಗಲಿಲ್ಲ. ಮೊದಲ ಹೊಡೆತಕ್ಕೇ ಒಂದು ಹಳ್ಳ ದಾಟಬೇಕು. ಮೂರನೆಯದರ ಎರಡು ಪಕ್ಕಕ್ಕೂ ಕತ್ತಾಳೆ ಮೆಳೆ. ಐದನೆಯದು ಎಮ್ಮೆಗಳು ಬಿದ್ದುಕೊಳ್ಳುವ ಕಟ್ಟೆಯ ಅಂಚಿನಲ್ಲಿ. ಚೆಂಡು ಎಮ್ಮೆಯ ಮೇಲೆ ಹೋಗಿ ಕೂತರೆ ಎಮ್ಮೆ ಏಳುವ ತನಕ ಕಾಯಬೇಕೆಂದು ನಾವೇ ಒಂದು ನಿಯಮ ಮಾಡಿಕೊಂಡಿದ್ದೆವು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಕೋಲಿನಿಂದ ಚೆಂಡನ್ನು ಹೊಡೆಯುತ್ತಾ ಹೋಗಿ ದೂರದ ಒಂದು ಸಣ್ಣ ಗುಂಡಿಗೆ ಬೀಳಿಸುವುದು. ಕಡಿಮೆ ಹೊಡೆತದಲ್ಲಿ ಬೀಳಿಸಿದವನು ಆ ಗುಂಡಿಯನ್ನು ಗೆದ್ದಂತೆ. ಗುಂಡಿಯ ಸುತ್ತ ನೆಲ ಹಾಸಿದ ಚಾಪೆಯಂತೆ ಸಮವಾಗಿರಬೇಕು. ಊಟಿಯಂಥ ಕಡೆ ಹುಲ್ಲು ಬೆಳೆಸುತ್ತಾರೆ. ನಮ್ಮ ಕಡೆ ದನಕ್ಕೇ ಹುಲ್ಲಿಲ್ಲ. ಮರಳಿಗೆ ಹಳೆಯ ಎಂಜಿನ್ ಎಣ್ಣೆ ಕಲೆಸಿ, ದುಂಡಗೆ ಹರಡಿ, ಹಲಗೆ ಎಳೆದು ನಯ ಮಾಡುತ್ತಿದ್ದೆವು.

ಇಂಥ ಎಂಟು ದುಂಡುಗಳನ್ನು ಮಾಡಿಸುವ ಹೊತ್ತಿಗೆ ಆಳುಗಳ ಬೆನ್ನೂ ನನ್ನ ತಾಳ್ಮೆಯೂ ಮುರಿದಿದ್ದವು. ಒಂಬತ್ತನೆಯದಕ್ಕೆ ಜಾಗ ಹುಡುಕುವಾಗ, ಬಂಗಲೆಯ ಜಗಲಿಗೆ ಎದುರಾಗಿ, ನನಗಾಗಿಯೇ ಯಾರೋ ಮಾಡಿಟ್ಟಂತೆ ಒಂದು ದುಂಡನೆಯ ನೆಲ ಸಿಕ್ಕಿತು. ಎತ್ತಿನ ಗೊರಸು ತುಳಿದು ತುಳಿದು ಗಟ್ಟಿಯಾದ, ಸಗಣಿ ಸಾರಿಸಿ ಸಾರಿಸಿ ನುಣ್ಣಗಾದ ನೆಲ. ರಸಮಟ್ಟ ಇಟ್ಟು ನೋಡಿದೆ. ಎಲ್ಲಿಟ್ಟರೂ ಗುಳ್ಳೆ ನಟ್ಟನಡುವೆ ನಿಂತಿತು. ಮಧ್ಯದಲ್ಲಿ ಮೇಟಿ, ಎಂದರೆ ಒಕ್ಕಣೆಯ ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಕಂಬ. ಅದನ್ನು ಕಿತ್ತು, ಮೇಲೆ ಒಂದು ಪದರ ಎಣ್ಣೆಮರಳು ಹರಡಿದರೆ ಆಟದ ಗುಂಡಿಯೂ ತಯಾರು. ಅದು ಕಣ ಎಂದು ನನಗೆ ಗೊತ್ತಿರಲಿಲ್ಲವೇ? ಕೆರಗೋಡಿನ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ರಾಗಿ ಒಕ್ಕುವಾಗ ಎತ್ತಿನ ಹಿಂದೆ ಸುತ್ತಿ ಬೆಳೆದವನು ನಾನು. ಎಂಟು ದಿನದ ಕೆಲಸ ಉಳಿಯಿತಲ್ಲ ಎಂದು ಹಿಗ್ಗಿದೆ. ಈ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟಲಾರೆ.

ಕಣ ಸಿದ್ದೇಗೌಡನದು. ಐವತ್ತರ ಸುಮಾರಿನ, ಮಾತು ಕಡಿಮೆಯ ಮನುಷ್ಯ. ಅವನ ಅಜ್ಜನ ಕಾಲದಿಂದ ಅಲ್ಲಿಯೇ ಒಕ್ಕಣೆ. ಕಾಗದದಲ್ಲಿ ಮಾತ್ರ ಆ ನೆಲ ದಣಿಗಳು ಕೊಂಡ ಬಾರೆಯ ಜಮೀನಿಗೆ ಸೇರಿತ್ತು. ಅವನು ಕೂಗಾಡಲಿಲ್ಲ.

"ಆಡ್ಕಳಿ ಸ್ವಾಮಿ, ಬ್ಯಾಡ ಅನ್ನಕ್ಕೆ ನಾನ್ಯಾರು? ಸಂಕ್ರಾಂತಿ ಆಸುಪಾಸು ಒಂದ್ ತಿಂಗ್ಳು ನಂಗೆ ಬುಟ್ಕೊಡಿ, ಒಕ್ಕಣೆ ಮಾಡ್ಕತೀನಿ. ಆಮ್ಯಾಕೆ ನಿಮ್ ಆಟ ನಿಮ್ದು. ಇನ್ನೊಂದ್ ಮಾತು. ಕಣದ್ ಮ್ಯಾಕೆ ಮೆಟ್ಟು ಮೆಟ್ಕಂಡು ಅತ್ಬ್ಯಾಡಿ."

ನಾನು ಹೋಗಿ ಬಂಗಲೆಯ ಸೆಕ್ರೆಟರಿ ವರದರಾಜು ಅವರನ್ನು ಕೇಳಿದೆ. ಬೆಂಗಳೂರಿನಲ್ಲಿ ಆಟ ಕಲಿತು ಬಂದವರು, ತಲೆಗೆ ಎಣ್ಣೆ ಹಾಕಿ ಗೀರು ಎಳೆದಂತೆ ಬೈತಲೆ ತೆಗೆಯುವವರು. ಕಡತದಿಂದ ತಲೆ ಎತ್ತದೆ "ಆಯಿತು, ಹೇಳಿಬಿಡಿ" ಎಂದರು. ನಾನು ಸಿದ್ದೇಗೌಡನ ಮುಂದೆ, ಅವನ ಅಕ್ಕ ಕೆಂಪಮ್ಮನ ಮುಂದೆ, ಮೇಟಿಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮೇಟಿ ಮುಟ್ಟಿ ಆಡಿದ ಮಾತಿಗೆ ನಮ್ಮ ಕಡೆ ಬೇರೆ ಸಾಕ್ಷಿ ಕೇಳುವುದಿಲ್ಲ.

ಆ ವರ್ಷ ರಾಗಿ ಕೊಯ್ಲು ಮುಗಿದು ಸಿದ್ದೇಗೌಡ ಗಾಡಿಯಲ್ಲಿ ತೆನೆ ಹೊರೆ ತಂದಾಗ ಮೇಟಿ ಅಲ್ಲಿರಲಿಲ್ಲ. ವರದರಾಜು ಅವರು ಅದನ್ನು ಕೀಳಿಸಿ ಬಚ್ಚಲ ಹಂಡೆಯ ಒಲೆಗೆ ಹಾಕಿಸಿದ್ದರು. ಮೊಳೆ ಹೊಡೆದ ಆಟದ ಬೂಟು ಹಾಕಿಕೊಂಡು ಕಣದ ನಡುವೆಯೇ ನಿಂತು, ಹತ್ತು ಜನರ ಎದುರಿಗೆ ಹೇಳಿದರು. "ಯಾರು ಮಾತು ಕೊಟ್ಟಿದ್ದು? ನಾನಂತೂ ಅಲ್ಲ. ಓವರ್‌ಸಿಯರು ತಮ್ಮ ದೊಡ್ಡಸ್ತಿಕೆಗೆ ಏನಾದರೂ ಹೇಳಿದ್ದರೆ ಅವರ ಮನೆ ಅಂಗಳದಲ್ಲಿ ಒಕ್ಕಿಕೋ ಹೋಗಯ್ಯ."

ನಾನು ಹತ್ತು ಅಡಿ ದೂರದಲ್ಲಿದ್ದೆ. ಬಾಯಿ ತೆರೆದೆ. ಕೆಲಸ ಹೋದರೆ ಎಂಬ ಯೋಚನೆ ಬಂತು, ಅದರ ಹಿಂದೆಯೇ ಮಗಳ ಕೆಮ್ಮು, ಹಿತ್ತಲ ಗೋಡೆ ಎಲ್ಲವೂ ಸಾಲಾಗಿ ಬಂದವು. ತೆರೆದ ಬಾಯನ್ನು ಮುಚ್ಚಿದೆ.

ಸಿದ್ದೇಗೌಡ ಆ ವರ್ಷ ಮಲವಳ್ಳಿ ರಸ್ತೆಯ ಮೇಲೆ ತೆನೆ ಹರಡಿ ಒಕ್ಕಿದ. ಬಸ್ಸು ಹೋದಾಗಲೆಲ್ಲ ಧೂಳು, ರಾಗಿಯ ಜೊತೆ ಕಲ್ಲುಪುಡಿ. ಹೋಗುವವರು ಬರುವವರು ನೋಡಿ ನಗುವುದು ಬೇರೆ. ನಾನು ಸೈಕಲ್ಲಿನಲ್ಲಿ ತಲೆ ತಗ್ಗಿಸಿ ಹೋಗುತ್ತಿರುವಾಗ ಕೆಂಪಮ್ಮ ಅಡ್ಡ ನಿಂತಳು. ಒಂದು ಬೊಗಸೆ ಮಣ್ಣುರಾಗಿಯನ್ನು ನನ್ನ ಟೋಪಿಗೆ ಸುರಿದಳು.

"ತಕ್ಕೊಳಪ್ಪ ಓವರ್ಸೀರಪ್ಪ. ನಿನ್ ಮಾತಿನ್ ಫಸ್ಲು. ಬೀಸುಸ್ಕಂಡು ಉಣ್ಣು."

ಎಸೆಯಲು ಧೈರ್ಯವಾಗಲಿಲ್ಲ, ಮನೆಗೆ ತಂದೆ. ನನ್ನ ಹೆಂಡತಿ ಮೂರು ನೀರಿನಲ್ಲಿ ತೊಳೆದು ಒಣಗಿಸಿ ಬೀಸಿ ರೊಟ್ಟಿ ತಟ್ಟಿದಳು. ತಿನ್ನುವಾಗ ಹಲ್ಲಿನಡಿ ಕರಕರ ಎಂದಿತು. ಆ ಸದ್ದು ಬಹಳ ದಿನ ನನ್ನ ಬಾಯಲ್ಲಿ ಉಳಿಯಿತು. ಅದರ ಜೊತೆಗೆ ವರದರಾಜು ಅವರ ಮೇಲೆ ನನಗೆ ಹುಟ್ಟಿದ ದ್ವೇಷ ಎಂಥದ್ದೆಂದರೆ, ನನ್ನ ಉಳಿದ ಚಿಂತೆಗಳೆಲ್ಲ ಎದ್ದು ಅದಕ್ಕೆ ಜಾಗ ಬಿಟ್ಟುಕೊಟ್ಟವು. ಆರು ತಿಂಗಳು ನಾನು ಹಲ್ಲುನೋವಿನ ಬಗ್ಗೆ ಯೋಚಿಸಲಿಲ್ಲ. ಸೇಡಿನಿಂದ ಆರೋಗ್ಯಕ್ಕೆ ಇಷ್ಟು ಪ್ರಯೋಜನವಿದೆಯೆಂದು ನನಗೆ ತಿಳಿದಿರಲಿಲ್ಲ.

ಸೇಡಿಗೆ ದಾರಿ ದಣಿಗಳೇ ಮಾಡಿಕೊಟ್ಟರು. ಮುಂದಿನ ವರ್ಷ ಕಾರ್ತಿಕದಲ್ಲಿ ಒಂದು ಚಾಂಪಿಯನ್‌ಷಿಪ್ ನಡೆಸುವುದಾಗಿ ಸಾರಿದರು. ಗೆದ್ದವರಿಗೆ ಬೆಳ್ಳಿಯ ಕಪ್ಪು, ಅದರ ಜೊತೆಗೆ ಒಂದು ಹಕ್ಕು. ಮೈದಾನದಲ್ಲಿ ಯಾವುದಾದರೂ ಒಂದು ಬದಲಾವಣೆಯನ್ನು ಗೆದ್ದವರು ಕೇಳಬಹುದು, ದಣಿಗಳು ನಡೆಸಿಕೊಡುವರು. ವರದರಾಜು ಅವರು ಏನು ಕೇಳುವರೆಂದು ಎಲ್ಲರಿಗೂ ಗೊತ್ತಿತ್ತು. ಒಂಬತ್ತನೆಯ ದುಂಡನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ಸಿದ್ದೇಗೌಡ ಹುಲ್ಲುಮೆದೆ ಒಟ್ಟುತ್ತಿದ್ದ ಜಾಗವನ್ನೂ ಸೇರಿಸಿಕೊಳ್ಳುವುದು. ನಾನು ಏನು ಕೇಳಬೇಕೆಂದು ನನಗೊಬ್ಬನಿಗೇ ಗೊತ್ತಿತ್ತು. ಕಣವನ್ನು ವಾಪಸು ಕೊಡಿ ಎಂದು. ಕೊಟ್ಟ ಮಾತೂ ನಿಲ್ಲುತ್ತದೆ, ಆ ಬೈತಲೆಯೂ ಹತ್ತು ಜನರ ಮುಂದೆ ತಗ್ಗುತ್ತದೆ. ನಿಜ ಹೇಳುತ್ತೇನೆ, ಇವೆರಡರಲ್ಲಿ ಎರಡನೆಯದೇ ನನಗೆ ಹೆಚ್ಚು ರುಚಿಯಾಗಿ ಕಾಣುತ್ತಿತ್ತು.

ನನಗೆ ಆಟ ಬರುತ್ತಿತ್ತೇ ಎಂದು ಕೇಳುತ್ತೀರಿ. ಮೈದಾನ ಮಾಡಿದವನು ಪ್ರತಿ ಗುಂಡಿಯನ್ನೂ ಹೊಡೆದು ಪರೀಕ್ಷೆ ಮಾಡಲೇಬೇಕಿತ್ತು. ಎರಡು ವರ್ಷ ಹೊಡೆದಿದ್ದೆ. ವರದರಾಜು ಅವರದು ನೋಡಲು ಚೆಂದದ ಆಟ, ದೂರದ ಹೊಡೆತ, ಆಮೇಲೆ ಕತ್ತಾಳೆಯಲ್ಲಿ ಹುಡುಕಾಟ. ನನ್ನದು ಚಿಂತೆಯ ಮನುಷ್ಯನ ಆಟ. ಸಣ್ಣ ಸಣ್ಣ ಹೊಡೆತ, ಆದರೆ ಚೆಂಡು ಕಳೆಯುವುದಿಲ್ಲ.

ಪೆಟ್ರೋಲಿಗೆ ರೇಷನ್ ಬಂದು ಬೆಂಗಳೂರಿನ ಆಟಗಾರರು ಯಾರೂ ಬರಲಿಲ್ಲ. ಚಾಂಪಿಯನ್‌ಷಿಪ್ಪಿಗೆ ಸೇರಿದವರು ಒಟ್ಟು ಆರೇ ಜನ. ಒಬ್ಬ ಡಾಕ್ಟರು ಹಳ್ಳದಲ್ಲಿ ಸೋತರು, ಒಬ್ಬ ಅರಣ್ಯದ ಅಧಿಕಾರಿ ಎಮ್ಮೆ ಏಳುವುದನ್ನು ಕಾಯಲಾರದೆ ಮನೆಗೆ ಹೋದರು. ಹೀಗೆ ಕೊನೆಯ ಪಂದ್ಯಕ್ಕೆ ಉಳಿದವರು ನಾವಿಬ್ಬರು. ಹೊಸ ಚೆಂಡು ಸಿಗುವ ಕಾಲವಲ್ಲ. ಮಲವಳ್ಳಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಬಾಸಿತ್ ಸಾಬರು ಹಳೆಯ ಚೆಂಡುಗಳಿಗೆ ಬಿಳಿ ಬಣ್ಣ ಬಳಿದು ಕೊಟ್ಟಿದ್ದರು.

ನಮ್ಮಿಬ್ಬರ ಕೋಲುಚೀಲಗಳನ್ನೂ ಹೊತ್ತವನು ಸಿದ್ದೇಗೌಡ. ಹೌದು, ಅವನೇ. ಕಣ ಹೋದ ಮೇಲೆ ತಾನಾಗಿಯೇ ಬಂದು ಈ ಕೆಲಸಕ್ಕೆ ಸೇರಿದ್ದ. ನಾಚಿಕೆಯಾಗುವುದಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, "ನನ್ ಕಣ ನಾನೇ ಕಾಯ್ಬೇಕಲ್ಲಪ್ಪ" ಎಂದಿದ್ದನಂತೆ. ಚೀಲ ಹೊರುವುದು, ಹೊಡೆತ ಎಣಿಸುವುದು, ದುಂಡಿನ ಮೇಲೆ ಹಲಗೆ ಎಳೆದು ನಯ ಮಾಡುವುದು ಅವನ ಕೆಲಸ. ಎಣಿಸುವಾಗ ಮೊದಲ ಹೊಡೆತಕ್ಕೆ ಅವನು ಒಂದು ಎನ್ನುತ್ತಿರಲಿಲ್ಲ. ರಾಶಿಯ ಮುಂದೆ ಮೊದಲ ಕೊಳಗವನ್ನು ಅಳೆಯುವಾಗ ಹೇಳುವಂತೆ "ಲಾಭ" ಎನ್ನುತ್ತಿದ್ದ. ಲಾಭ, ಎರಡು, ಮೂರು. ವರದರಾಜು ಅವರು ಬೈದು ಬೈದು ಬಿಟ್ಟಿದ್ದರು.

ಎಂಟು ಗುಂಡಿ ಮುಗಿದಾಗ ನಾಲ್ಕು ಅವರದು, ನಾಲ್ಕು ನನ್ನದು. ಎಲ್ಲವೂ ಒಂಬತ್ತನೆಯದರ ಮೇಲೆ ನಿಂತಿತು. ದಣಿಗಳಿಗೆ ಕಾಲುಬೇನೆ, ದೃಷ್ಟಿಯೂ ಮಂದ. ಜಗಲಿಯಲ್ಲಿ ಆರಾಮ ಕುರ್ಚಿ ಹಾಕಿಸಿಕೊಂಡು, ಉಳಿದ ನಾಲ್ಕಾರು ಜನರ ಜೊತೆ ಕೂತಿದ್ದರು. ಕಣ ಅಲ್ಲಿಂದ ಇನ್ನೂರು ಗಜ. ಕಣದ ಮೇಲೆ ಇದ್ದವರು ನಾವು ಮೂವರೇ.

ವರದರಾಜು ಅವರ ಚೆಂಡು ಮೂರನೆಯ ಹೊಡೆತಕ್ಕೆ ದುಂಡಿನ ಮೇಲೆ ಬಂದು ಗುಂಡಿಗೆ ಎರಡು ಮಾರು ದೂರದಲ್ಲಿ ನಿಂತಿತು. ನನ್ನದು ಬಂದದ್ದು ನಾಲ್ಕಕ್ಕೆ, ಆದರೆ ಗುಂಡಿಯಿಂದ ಒಂದೇ ಮೊಳ. ಸಿದ್ದೇಗೌಡ ಹಲಗೆ ಎಳೆದು ನಯ ಮಾಡಿ ಪಕ್ಕಕ್ಕೆ ನಿಂತ. ವರದರಾಜು ಅವರ ಮೊಳೆ ಬೂಟನ್ನೊಮ್ಮೆ, ನನ್ನ ಬೂಟನ್ನೊಮ್ಮೆ ನೋಡಿದ. ನಾನೂ ಬಿಚ್ಚಿರಲಿಲ್ಲ. ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು, ಜಗಲಿಯ ಮೇಲೆ ಜನ ಕೂತಿದ್ದರು. ಇಷ್ಟೇ ಕಾರಣ.

ವರದರಾಜು ಅವರು ಹೊಡೆದರು. ಚೆಂಡು ನೂಲು ಹಿಡಿದಂತೆ ಗುಂಡಿಯ ಕಡೆ ಹೋಯಿತು. ಗುಂಡಿ ಒಂದು ಗೇಣು ಇದೆ ಎನ್ನುವಾಗ ಚೆಂಡು ಪಕ್ಕಕ್ಕೆ ತಿರುಗಿತು. ತಿರುಗಿ, ಗುಂಡಿಯ ಸುತ್ತ ಒಂದು ಗೇಣಿನ ಅಂತರ ಬಿಟ್ಟುಕೊಂಡು ಒಂದು ಸುತ್ತು ಬಂತು. ಉರುಳುವ ಚೆಂಡು ಹೋಗುತ್ತಾ ಹೋಗುತ್ತಾ ನಿಧಾನವಾಗಬೇಕಲ್ಲ, ಇದು ನಿಧಾನವಾಗಲಿಲ್ಲ. ಒಂದೇ ನಡಿಗೆ. ಎತ್ತು ನಡೆದಂತೆ. ಸುತ್ತು ಮುಗಿಸಿ, ತಿರುಗಿದ ಜಾಗಕ್ಕೇ ಬಂದು ನಿಂತಿತು.

"ನಾಲ್ಕು," ಎಂದ ಸಿದ್ದೇಗೌಡ.

ವರದರಾಜು ಅವರು ನೆಲವನ್ನು ನೋಡಿದರು, ಆಕಾಶವನ್ನು ನೋಡಿದರು. ಗಾಳಿ ಇರಲಿಲ್ಲ. ಮತ್ತೆ ಹೊಡೆದರು. ಒಂದು ಸುತ್ತು. "ಐದು." ಮತ್ತೆ ಒಂದು ಸುತ್ತು. "ಆರು." ಏಳನೆಯದನ್ನು ಅವರು ಕೋಪದಿಂದ ಜೋರಾಗಿ ಹೊಡೆದರು. ಆ ಪೆಟ್ಟಿಗೆ ಚೆಂಡು ದುಂಡಿನಾಚೆ ಹೋಗಬೇಕಿತ್ತು. ಅದು ಹೋಗಲಿಲ್ಲ, ಅದೇ ನಡಿಗೆಯಲ್ಲಿ ಎರಡು ಸುತ್ತು ಬಂತು.

ನನಗೆ ಹೆದರಿಕೆ ಆಯಿತೆಂದು ನೀವು ತಿಳಿದರೆ ತಪ್ಪು. ನನಗೆ ಸಂತೋಷವಾಯಿತು. ಕಣವೇ ನನ್ನ ಪರವಾಗಿ ಸೇಡು ತೀರಿಸುತ್ತಿದೆ ಎಂದು ಒಳಗೊಳಗೇ ಕುಣಿದೆ. ಅವರ ಬೆವರು ಬೈತಲೆಯಿಂದ ಇಳಿದು ಮೂಗಿನ ತುದಿಗೆ ಬರುವುದನ್ನು ನೋಡುತ್ತಾ, ಇನ್ನೊಂದು ಹೊಡೆಯಲಿ, ಇನ್ನೊಂದು ಹೊಡೆಯಲಿ ಎಂದುಕೊಂಡೆ. ನಮ್ಮ ಮೈದಾನದಲ್ಲಿ ಹನ್ನೊಂದು ಹೊಡೆತಕ್ಕೆ ಮಿತಿ. ಅಷ್ಟರಲ್ಲಿ ಬೀಳದಿದ್ದರೆ ಹನ್ನೊಂದೆಂದು ಬರೆದು ಚೆಂಡು ಎತ್ತಿಕೊಳ್ಳಬೇಕು. ಹನ್ನೊಂದೂ ಆಯಿತು. ಅವರು ಚೆಂಡನ್ನು ಎತ್ತಿಕೊಳ್ಳಲಿಲ್ಲ. ಬೂಟಿನಿಂದ ಒದ್ದು, ಒರಸಿಕೊಂಡ ಮುಖವನ್ನೇ ಮತ್ತೆ ಒರಸಿಕೊಳ್ಳುತ್ತಾ ನಿಂತರು.

ಇನ್ನು ನನ್ನ ಸರದಿ. ಒಂದು ಮೊಳ. ಒಂದೇ ತಟ್ಟು. ತಟ್ಟಿದರೆ ಕಪ್ಪು, ಕಣ, ಮಾತು, ಆ ಮನುಷ್ಯನ ಮಾನ, ಎಲ್ಲ ನನ್ನ ಕೈಗೆ. ಬೇಗ ಮುಗಿಸಲು ಮನಸ್ಸು ಬರಲಿಲ್ಲ. ಕೋಲನ್ನು ಒರಸಿದೆ, ಅವರ ಕಡೆ ತಿರುಗಿ ಸಣ್ಣಗೆ ನಕ್ಕೆ. ಆಮೇಲೆ ಮೆಲ್ಲಗೆ ತಟ್ಟಿದೆ.

ಚೆಂಡು ಗುಂಡಿಯ ಅಂಚಿಗೆ ಹೋಯಿತು. ಪಕ್ಕಕ್ಕೆ ತಿರುಗಿತು. ಒಂದು ಸುತ್ತು ಬಂದು ನನ್ನ ಬೂಟಿನ ಮುಂದೆ ನಿಂತಿತು.

"ಐದು."

ನಗು ನನ್ನ ಮುಖದ ಮೇಲೆಯೇ ಒಣಗಿತು. ಆರು, ಏಳು, ಎಂಟು. ಈಗ ಹೆದರಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಹೆದರಿ ಹೊಡೆದ ಚೆಂಡು ಅತ್ತಿತ್ತ ಹೋಗಬೇಕೇ ಹೊರತು ಗೆರೆ ಕೊರೆದಂತೆ ದುಂಡಗೆ ಸುತ್ತಬಾರದು. ಎಂಜಿನ್ ಎಣ್ಣೆಯ ವಾಸನೆ ಇರಬೇಕಾದ ಕಡೆ ಹೊಸ ರಾಗಿಹುಲ್ಲಿನ ವಾಸನೆ ಬಂತು. ಕುತ್ತಿಗೆಯ ಸುತ್ತ, ಒಕ್ಕಣೆಯಲ್ಲಿ ಹಾರುವ ರಾಗಿಯ ಸುಂಕು ತಗುಲಿದಂತೆ, ನವೆ ಹತ್ತಿತು. ಸುತ್ತ ಎಲ್ಲೂ ರಾಗಿ ಕೊಯ್ದಿರಲಿಲ್ಲ, ಹೊಲದಲ್ಲಿ ಪೈರು ನಿಂತೇ ಇತ್ತು.

ಒಂಬತ್ತಾದ ಮೇಲೆ ಬೂಟು ಬಿಚ್ಚಿದೆ. ಹೆಬ್ಬೆರಳು ಕಂಡರೆ ಕಾಣಲಿ ಎಂದು, ಕಾಲುಚೀಲವನ್ನೂ ಕಿತ್ತು ಬರಿಗಾಲಿನಲ್ಲಿ ನಿಂತು, ಮನಸ್ಸಿನಲ್ಲೇ ತಪ್ಪಾಯಿತು ಎಂದುಕೊಂಡು ತಟ್ಟಿದೆ. ಚೆಂಡು ಸುತ್ತಿತು. "ಅತ್ತು." ಮತ್ತೆ ತಟ್ಟಿದೆ. ಸುತ್ತಿತು. "ಅನ್ನೊಂದು" ಎಂದ ಸಿದ್ದೇಗೌಡ. ವರದರಾಜು ಅವರದನ್ನು ಹೇಳಿದ ದನಿಯಲ್ಲೇ ಹೇಳಿದ. ಒಂದು ಎಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೇಳಿದ ಮರುಕ್ಷಣವೇ ಹಲಗೆ ತೆಗೆದುಕೊಂಡು ಮರಳನ್ನೆಲ್ಲ ನಯ ಮಾಡಿಬಿಟ್ಟ. ಎಣ್ಣೆಮರಳಿನಲ್ಲಿ ಚೆಂಡಿನ ಜಾಡು ಉಳಿದಿರುತ್ತದೆ, ನೋಡಬೇಕು ಎಂದು ನನಗೆ ಹೊಳೆಯುವಷ್ಟರಲ್ಲಿ ನೆಲ ಕನ್ನಡಿಯಾಗಿತ್ತು.

ಜಗಲಿಯಿಂದ ದಣಿಗಳ ಕೂಗು ಕೇಳಿಸಿತು. "ಏನ್ರಯ್ಯಾ, ಅಲ್ಲೇನು ಒಕ್ಕಣೆ ಮಾಡ್ತಿದ್ದೀರಾ?"

ಅವರ ಪಕ್ಕದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಅಷ್ಟು ದೂರದಿಂದ ಅವರಿಗೆ ಕಂಡದ್ದು ಇಬ್ಬರು ದೊಡ್ಡವರು ಬಗ್ಗಿ ಬಗ್ಗಿ ಹೊಡೆಯುತ್ತಿದ್ದುದು ಮಾತ್ರ. ಹತ್ತಿರ ಹೋದಾಗ ದಣಿಗಳು, "ಇಬ್ಬರೂ ದಡ್ಡರೋ, ಗುಂಡಿ ಕೆಟ್ಟದ್ದೋ? ನಿಮ್ಮ ಮಾನ ಉಳಿಸೋದಕ್ಕೆ ಗುಂಡಿ ಕೆಟ್ಟದ್ದು ಅಂತಲೇ ಇಟ್ಕೊಳ್ತೀನಿ. ಬಂದ ಅತಿಥಿಗಳು ಅಲ್ಲೇ ಮುದುಕರಾದರೆ ಬಂಗಲೆಗೆ ಕೆಟ್ಟ ಹೆಸರು. ಅದನ್ನ ಬಿಟ್ಟುಬಿಡಿ, ಕಟ್ಟೆ ಕಡೆ ಬೇರೆ ಮಾಡಿ" ಎಂದರು. ಇಬ್ಬರಿಗೂ ಹನ್ನೊಂದಾದ್ದರಿಂದ ಗೆದ್ದವರು ಯಾರೂ ಇಲ್ಲ. ಕಪ್ಪು ದಣಿಗಳ ಗಾಜಿನ ಬೀರುವಿನಲ್ಲೇ ಉಳಿಯಿತು.

ಕಣ ಸಿದ್ದೇಗೌಡನಿಗೆ ಹೋಯಿತು. ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಬೇಡವೆಂದು ಬಿಟ್ಟದ್ದು ಅವನದಾಯಿತು. ಅವನು ಎಣ್ಣೆಮರಳನ್ನು ಕೆರೆದು ತೆಗೆದು, ಹೊಸ ಮಣ್ಣು ಹಾಕಿ ತುಳಿಸಿ, ಅತ್ತಿಮರದ ಹೊಸ ಮೇಟಿ ನೆಟ್ಟ. ನಾನು ಹೋಗಿ, "ಗೌಡ್ರೆ, ಅಂತೂ ನನ್ನ ಮಾತು ನಿಂತಿತು" ಎಂದೆ. ಮುಖದಲ್ಲಿ ಒಂದಿಷ್ಟು ಮೆಚ್ಚುಗೆ ಕಾಣಬಹುದೆಂಬ ಆಸೆ.

"ನೀವ್ ಕೊಟ್ ಮಾತ ನೀವೇನೂ ಉಳುಸ್ನಿಲ್ಲ ಸ್ವಾಮಿ," ಎಂದ. "ಅದೇ ತನ್ ತಾನ್ ಉಳುಸ್ಕತ್ತು."

ವಿವರಣೆ ಹುಡುಕಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಮೇಟಿ ನೆಡುವ ಮೊದಲೇ, ಪಂದ್ಯದ ಮಾರನೆಯ ಬೆಳಿಗ್ಗೆ ಹೋಗಿ ರಸಮಟ್ಟ ಇಟ್ಟೆ. ಗುಳ್ಳೆ ನಡುವೆಯೇ. ಅದೇ ಚೆಂಡನ್ನು ಇಪ್ಪತ್ತು ಸಲ ತಟ್ಟಿದೆ. ಇಪ್ಪತ್ತು ಸಲವೂ ನೇರವಾಗಿ ಹೋಗಿ ಗುಂಡಿಗೆ ಬಿತ್ತು. ಎರಡು ಚೆಂಡುಗಳನ್ನೂ ಬಾಸಿತ್ ಸಾಬರ ಅಂಗಡಿಗೆ ಒಯ್ದು ಗರಗಸದಲ್ಲಿ ಕೊಯ್ಯಿಸಿದೆ. ಒಳಗೆ ಬಿಗಿಯಾಗಿ ಸುತ್ತಿದ ರಬ್ಬರ್ ದಾರ. "ಇದ್ರಲ್ಲಿ ಏನೂ ಐಬಿಲ್ಲ ಸಾಮಿ, ಐಬು ಹೊಡೆಯೋರ್ದು" ಎಂದು ಅವರು ನಕ್ಕರು. ಕುತ್ತಿಗೆಯ ನವೆ ಮೂರು ದಿನ ಇತ್ತು. ಹೆಂಡತಿ ಬೆವರುಸಾಲೆ ಎಂದಳು, ಇದ್ದರೂ ಇರಬಹುದು. ಸಿದ್ದೇಗೌಡ ಹಲಗೆಯಲ್ಲಿ ಕಣ್ಣಿಗೆ ಕಾಣದ ಒಂದು ಸುತ್ತು ಗೀರು ಮಾಡಿಟ್ಟಿದ್ದನೇ ಎಂದೂ ಯೋಚಿಸಿದೆ. ಅಂಥ ಗೀರನ್ನು ನಾನೇ ಎಂಟು ದುಂಡುಗಳಲ್ಲಿ ಮಾಡಿ ನೋಡಿದೆ. ಚೆಂಡು ಅರ್ಧ ಸುತ್ತೂ ಹೋಗಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ, ಕಾರ್ತಿಕ ಕಳೆದ ಮೇಲೆ, ಒಂದು ಮಧ್ಯಾಹ್ನ ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿದ್ದೆ. ಬೆಂಗಳೂರಿನ ಕಡೆ ಹೋಗುವ ಗಾಡಿ ನಿಂತಿತ್ತು. ಕಿಟಕಿಯಿಂದ ಯಾರೋ "ಓವರ್‌ಸಿಯರೇ" ಎಂದು ಕೂಗಿದರು. ವರದರಾಜು. ಬಂಗಲೆಯ ಕೆಲಸ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಕೂದಲು ಉದುರಿ ಬೈತಲೆ ತೆಗೆಯಲು ಏನೂ ಉಳಿದಿರಲಿಲ್ಲ. ಕ್ಷೇಮಸಮಾಚಾರ ಕೇಳಲಿಲ್ಲ. ಕಿಟಕಿಯ ಸರಳು ಹಿಡಿದು, ಸುತ್ತಲಿನವರಿಗೆ ಕೇಳದ ಹಾಗೆ ಪಿಸುಗುಟ್ಟಿದರು.

"ಆವತ್ತು ಒಂಬತ್ತನೆಯದರಲ್ಲಿ ಚೆಂಡು ಸುತ್ತಿತಲ್ಲ, ನೀವೂ ನೋಡಿದಿರಿ ತಾನೆ?"

ನಾನು ಟೋಪಿ ಸರಿಮಾಡಿಕೊಂಡೆ.

"ಆಮೇಲೆ ನಾನು ಕೋಲು ಮುಟ್ಟಿಲ್ಲ ಕಣ್ರೀ. ಮನೆಯಲ್ಲಿ ಹೇಳಿದರೆ ನನ್ನನ್ನೇ ಒಂದು ಥರ ನೋಡ್ತಾರೆ. ನನ್ನ ತಲೆ ನೆಟ್ಟಗಿದೆಯಾ ಅಂತ ನನಗೇ ಅನುಮಾನ. ನೋಡಿದೆ ಅಂತ ಒಂದು ಮಾತು ಅಂದುಬಿಡಿ, ಸಾಕು."

ಹೌದು ಎನ್ನುವುದಕ್ಕೆ ನನಗೇನೂ ಖರ್ಚಿರಲಿಲ್ಲ. ಆದರೆ ಬಾಯಲ್ಲಿ ಆ ಹಳೆಯ ಕಲ್ಲುರೊಟ್ಟಿಯ ಕರಕರ ಎದ್ದಿತು. ಹತ್ತು ಜನರ ಮುಂದೆ ಈ ಮನುಷ್ಯ "ನಾನಂತೂ ಅಲ್ಲ" ಎಂದದ್ದು ನೆನಪಾಯಿತು.

"ಏನನ್ನು ನೋಡೋದು ಸಾರ್?" ಎಂದೆ.

"ಸುತ್ತಿದ್ದನ್ನ."

"ಚೆಂಡು ಸುತ್ತುತ್ತದೆಯೇ? ಆವತ್ತು ನಾವಿಬ್ಬರೂ ಕೆಟ್ಟದಾಗಿ ಆಡಿದೆವು. ನನಗೆ ಕಂಡದ್ದು ಅಷ್ಟೇ."

ಅವರ ಮುಖದಲ್ಲಿ ಆದದ್ದನ್ನು ನಾನು ವರ್ಣಿಸಲಾರೆ. ಕೈ ಸರಳನ್ನು ಬಿಟ್ಟಿತು. ಗಾಡಿ ಹೊರಟಿತು. ಓಡಿ ಹೋಗಿ "ತಮಾಷೆಗೆ ಅಂದೆ" ಎನ್ನಬಹುದಿತ್ತು, ನನ್ನ ಕಾಲಿಗೆ ಆಗ ಏನೂ ತೊಂದರೆ ಇರಲಿಲ್ಲ. ನಿಂತಲ್ಲೇ ನಿಂತಿದ್ದೆ. ಮದ್ದೂರಿನಿಂದ ಮಲವಳ್ಳಿಗೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದೆ. ಜನ್ಮದಲ್ಲಿ ನಾನು ತೀರಿಸಿದ ಸೇಡು ಅದೊಂದೇ. ಅಷ್ಟು ಹಿತವಾಗಿರುತ್ತದೆ ಎಂದುಕೊಂಡಿರಲಿಲ್ಲ.

ಹಿತ ಉಳಿದದ್ದು ಒಂದು ರಾತ್ರಿ. ಬೆಳಗಾಗುವ ಹೊತ್ತಿಗೆ ನನ್ನ ಸ್ವಭಾವ ನನಗೆ ವಾಪಸು ಬಂತು. ನನಗಿದ್ದ ಇಬ್ಬರು ಸಾಕ್ಷಿಗಳಲ್ಲಿ ಆ ಮನುಷ್ಯ ಒಬ್ಬ, ಅವನನ್ನು ನಾನೇ ಕಳೆದುಕೊಂಡೆನಲ್ಲ ಎಂದು ಚಿಂತೆ ಹತ್ತಿತು. ಸೈಕಲ್ ಹತ್ತಿ ಸಿದ್ದೇಗೌಡನ ಕಣಕ್ಕೆ ಹೋದೆ. ಒಕ್ಕಣೆ ನಡೆದಿತ್ತು. ನಾಲ್ಕು ಎತ್ತುಗಳು ಮೇಟಿಯ ಸುತ್ತ ಸುತ್ತುತ್ತಿದ್ದವು, ಕೆಂಪಮ್ಮ ಒಂದು ಬದಿಯಲ್ಲಿ ಮೊರ ಹಿಡಿದು ತೂರುತ್ತಿದ್ದಳು. ನಾನು ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಕಣದ ಅಂಚಿನಲ್ಲಿ ನಿಂತೆ.

"ಏನ್ ಬಂದ್ರಿ ಸ್ವಾಮಿ?" ಎಂದ ಸಿದ್ದೇಗೌಡ.

"ಒಂದು ಮಾತು ಕೇಳೋದಿತ್ತು ಗೌಡ್ರೆ. ಆವತ್ತು ಪಂದ್ಯದಲ್ಲಿ ಚೆಂಡು ಗುಂಡಿಯ ಸುತ್ತ ಸುತ್ತಿತಲ್ಲ, ನೀವು ಪಕ್ಕದಲ್ಲೇ ಇದ್ದಿರಿ. ನೋಡಿದಿರಿ ಅಲ್ಲವಾ?"

ಅವನು ಎತ್ತುಗಳನ್ನು ನಿಲ್ಲಿಸಿದ. ಮೇಟಿಗೆ ಒಂದು ಕೈ ಆನಿಸಿ ನನ್ನ ಕಡೆ ತಿರುಗಿದ.

"ಚೆಂಡು ಯಾಕ್ ಸುತ್ತದು ಸ್ವಾಮಿ? ಸುತ್ತಾದು ಎತ್ತು," ಎಂದ. "ನಿಮ್ಮಿಬ್ರುಗೂ ಒಡ್ಯಾಕೆ ಬರ್ನಿಲ್ಲ ಅವತ್ತು. ನಾ ಕಂಡುದ್ದು ಅಸ್ಟೇಯ."

ಕೆಂಪಮ್ಮ ಮೊರದ ಹಿಂದೆ ಮುಖ ಮರೆಮಾಡಿಕೊಂಡಳು. ನಕ್ಕಳೋ, ಹೊಟ್ಟು ಕಣ್ಣಿಗೆ ಬಿತ್ತೋ. ಸಿದ್ದೇಗೌಡ ಎತ್ತುಗಳ ಬೆನ್ನು ಚಪ್ಪರಿಸಿದ, ಅವು ಮತ್ತೆ ಸುತ್ತತೊಡಗಿದವು.

ಅವನು ಹೇಳಿದ್ದು ನಿಜವಿರಬಹುದು. ಹಾಗಿದ್ದರೆ ಆ ಬಿಸಿಲಿನಲ್ಲಿ ನನಗೂ ವರದರಾಜು ಅವರಿಗೂ ಒಂದೇ ಭ್ರಮೆ, ಒಂದೇ ಅಳತೆಯಲ್ಲಿ ಹೇಗೆ ಬಂತೆಂದು ನಾನು ವಿವರಿಸಲಾರೆ. ಅವನೂ ನೋಡಿದ್ದಿರಬಹುದು. ಹಾಗಿದ್ದರೆ ಚೆಂಡು ಏಕೆ ಸುತ್ತಿತೆಂದು ವಿವರಿಸಲಾರೆ. ಅವನ ಮುಖದಿಂದ ಏನಾದರೂ ತಿಳಿದೀತೆಂದು ಇನ್ನೊಂದು ಗಳಿಗೆ ನಿಂತು ನೋಡಿದೆ. ಏನೂ ತಿಳಿಯಲಿಲ್ಲ. ಮದ್ದೂರಿನಲ್ಲಿ ಕಿಟಕಿಯ ಹೊರಗೆ ನಿಂತಿದ್ದ ನನ್ನ ಮುಖವೂ ಹೀಗೆಯೇ ಇದ್ದಿರಬೇಕು.